ಬೋಟ್ ಇಳಿಯುವ ಜಾಗದಲ್ಲಿ ನಿಲ್ಲುವವರು

— ಅಕ್ಕ, ನಮ್ಮ ಲೇಕ್ ಸಂಘದ ಗ್ರಾಂಟ್ ಅರ್ಜಿ ಈ ಸಲ ನನ್ನ ಪಾಲಿಗೆ ಬಂದಿದೆ. ವಿಸ್ಕಾನ್ಸಿನ್‌ನ ನೈಸರ್ಗಿಕ ಸಂಪನ್ಮೂಲ ಇಲಾಖೆಗೆ, ಅದೇ ಡಿಎನ್‌ಆರ್‌ಗೆ ಬರೆಯಬೇಕಂತೆ. ನೀವು ನಿಮ್ಮ ಲೇಕಿಗಾಗಿ ಎಷ್ಟೋ ವರ್ಷದಿಂದ ಬರೆದವರು. ಎಲ್ಲಿಂದ ಶುರು ಮಾಡಲಿ?

— ದುಡ್ಡು ಯಾತಕ್ಕೆ ಬೇಕು, ಅದನ್ನು ಮೊದಲು ಹೇಳು.

— ಕಳೆಗೆ. ಜುಲೈ ಬಂತೆಂದರೆ ದಡದುದ್ದಕ್ಕೂ ಹಸಿರು ಚಾಪೆ. ಬೋಟಿನ ಪ್ರೊಪೆಲರ್‌ಗೆ ಸುತ್ತಿಕೊಳ್ಳುತ್ತದೆ, ಮಕ್ಕಳು ನೀರಿಗಿಳಿಯಲು ಹಿಂದೆಮುಂದೆ ನೋಡುತ್ತಾರೆ. ಯುರೇಷಿಯನ್ ವಾಟರ್‌ಮಿಲ್‌ಫಾಯ್ಲ್ ಅಂತ ಎಲ್ಲರೂ ಹೇಳುತ್ತಾರೆ. ಗ್ರಾಂಟ್ ತಂದು ಔಷಧಿ ಹೊಡೆಸೋಣ ಅಂತ ಮೀಟಿಂಗಿನಲ್ಲಿ ತೀರ್ಮಾನವಾಗಿದೆ.

— ಎಲ್ಲರೂ ಹೇಳುತ್ತಾರೆ, ಸರಿ. ಕಿತ್ತು ನೋಡಿದವರು ಯಾರು?

— ಅಂದರೆ?

— ವಾಟರ್‌ಮಿಲ್‌ಫಾಯ್ಲ್‌ನಲ್ಲಿ ಇಲ್ಲಿಯದೇ ಆದ ಜಾತಿಗಳೂ ಇವೆ ಕಣಪ್ಪ. ಉತ್ತರದ ಮಿಲ್‌ಫಾಯ್ಲ್ ಅಂತ ಒಂದು, ಅದು ಈ ನೀರಿನ ಹಳೆಯ ಒಕ್ಕಲು. ಮೀನಿನ ಮರಿಗಳು ಅದರಲ್ಲಿ ಅಡಗುತ್ತವೆ, ಬಾತುಗಳು ಅದರ ಕಾಯಿ ತಿನ್ನುತ್ತವೆ. ಎರಡರ ಎಲೆಯೂ ಗರಿಯ ಹಾಗೇ ಇರುತ್ತದೆ. ಒಂದು ಎಲೆ ಬಿಡಿಸಿ ಗರಿಯ ಎಳೆಗಳನ್ನು ಎಣಿಸಬೇಕು. ಯುರೇಷಿಯನ್ ಆದರೆ ಸಾಮಾನ್ಯವಾಗಿ ಒಂದು ಬದಿಗೆ ಹನ್ನೆರಡು ಅಥವಾ ಹೆಚ್ಚು, ಇಲ್ಲಿಯದಾದರೆ ಕಡಿಮೆ. ನೀರಿಂದ ಎತ್ತಿದಾಗ ಯುರೇಷಿಯನ್ ಸೋತು ಜೋಲುತ್ತದೆ, ಇಲ್ಲಿಯದು ಸೆಟೆದು ನಿಲ್ಲುತ್ತದೆ. ಇವೆರಡೂ ಬೆರೆತು ಹುಟ್ಟಿದ ಸಂಕರ ತಳಿಯೂ ಈಗ ಎಷ್ಟೋ ಲೇಕುಗಳಲ್ಲಿದೆ. ಅದನ್ನು ಖಚಿತ ಮಾಡಿಕೊಳ್ಳಲು ಡಿಎನ್‌ಎ ಪರೀಕ್ಷೆಯೇ ಆಗಬೇಕು. ನಿಮ್ಮ ಹಸಿರು ಚಾಪೆ ಯಾವುದರದ್ದು?

— ಗೊತ್ತಿಲ್ಲ. ಆದರೆ ಇಲಾಖೆಯವರೇ ಬಂದು ನೋಡಿ ಹೇಳಬೇಕಲ್ಲವೇ? ಕಾಯಿಲೆ ಏನು ಅಂತ ರೋಗಿಯೇ ಹೇಳಿಕೊಳ್ಳಬೇಕೇ?

— ಇಲಾಖೆಯಲ್ಲಿ ನಿಮ್ಮ ಭಾಗಕ್ಕೊಬ್ಬ ಲೇಕ್ ಜೀವವಿಜ್ಞಾನಿ ಇರುತ್ತಾರೆ. ಫಾರ್ಮ್ ಮುಟ್ಟುವ ಮುಂಚೆ ಅವರಿಗೆ ಫೋನ್ ಮಾಡು. ಗಿಡದ ಮಾದರಿ ಕೊಟ್ಟರೆ ಗುರುತಿಸಿ ಹೇಳುತ್ತಾರೆ. ಆದರೆ ಈ ರಾಜ್ಯದಲ್ಲಿರುವುದು ಹದಿನೈದು ಸಾವಿರಕ್ಕೂ ಹೆಚ್ಚು ಲೇಕುಗಳು. ಪ್ರತಿಯೊಂದರ ದಡಕ್ಕೂ ಸರ್ಕಾರದ ಮನುಷ್ಯ ಬಂದು ನಿಲ್ಲುವುದು ಆಗದ ಮಾತು. ಅದಕ್ಕೇ ಈ ಗ್ರಾಂಟ್ ವ್ಯವಸ್ಥೆ. ನಿಮ್ಮ ನೀರನ್ನು ನೀವು ಅರಿತುಕೊಳ್ಳಿ, ಅದಕ್ಕೆ ತಗಲುವ ಖರ್ಚಿನಲ್ಲಿ ದೊಡ್ಡ ಪಾಲು ನಾವು ಹಾಕುತ್ತೇವೆ ಅಂತ ರಾಜ್ಯ ಹೇಳುತ್ತದೆ. ಯೋಜನೆ ಮಾಡಲು ಒಂದು ಬಗೆ ಗ್ರಾಂಟ್ ಇದೆ, ಅದರಲ್ಲಿ ರಾಜ್ಯದ್ದು ಮೂರರಲ್ಲಿ ಎರಡು ಪಾಲು. ಕಳೆ ನಿಯಂತ್ರಣಕ್ಕೆ ಇನ್ನೊಂದು, ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು. ನೀನು ನೇರವಾಗಿ ಎರಡನೆಯದಕ್ಕೆ ಕೈ ಹಾಕಿದ್ದೀಯ. ನಿಮ್ಮ ಲೇಕಿನ ನಿರ್ವಹಣಾ ಯೋಜನೆಯಲ್ಲಿ ಬರೆದು ಒಪ್ಪಿಗೆ ಪಡೆದ ಕೆಲಸಕ್ಕೆ ಮಾತ್ರ ನಿಯಂತ್ರಣದ ದುಡ್ಡು ಸಿಗುತ್ತದೆ. ಯೋಜನೆ ಇದೆಯೇ?

— ಇಲ್ಲ.

— ಹಾಗಾದರೆ ಸಮೀಕ್ಷೆಯಿಂದ ಶುರು. ಲೇಕಿನ ನಕ್ಷೆಯ ಮೇಲೆ ಸಮ ಅಂತರದಲ್ಲಿ ಚುಕ್ಕೆಗಳನ್ನಿಟ್ಟ ಜಾಲವನ್ನು ಇಲಾಖೆಯೇ ಕೊಡುತ್ತದೆ. ಪ್ರತಿ ಚುಕ್ಕೆಗೂ ಬೋಟ್ ತೆಗೆದುಕೊಂಡು ಹೋಗಿ, ಎರಡು ಮುಖದ ಕುಂಟೆಯನ್ನು ನೀರಿಗಿಳಿಸಿ ತಿರುಗಿಸಿ ಎತ್ತಬೇಕು. ಏನು ಬಂತು, ಎಷ್ಟು ಬಂತು, ಆಳವೆಷ್ಟು, ತಳ ಕೆಸರೋ ಮರಳೋ, ಎಲ್ಲ ಬರೆದುಕೊಳ್ಳಬೇಕು. ನೂರಾರು ಚುಕ್ಕೆಗಳ ಕೆಲಸ. ನಮ್ಮ ಲೇಕಿನಲ್ಲಿ ಅದು ಮುಗಿದಾಗ, ಕಳೆ ಅಂತ ನಾವೆಲ್ಲ ಬೈಯುತ್ತಿದ್ದ ಗಿಡಗಳಲ್ಲಿ ಬಹುಪಾಲು ಇಲ್ಲಿಯವೇ ಅಂತ ಗೊತ್ತಾಯಿತು. ಉತ್ತರದ ಕಡೆ ಎಷ್ಟೋ ಲೇಕುಗಳಲ್ಲಿ ಕಾಡುಭತ್ತ ಬೆಳೆಯುತ್ತದೆ. ಒಜಿಬ್ವೆ ಜನ ಅದನ್ನು ಮನೂಮಿನ್ ಅನ್ನುತ್ತಾರೆ, ಅವರಿಗೆ ಅದು ಅನ್ನವೂ ಹೌದು ದೇವರೂ ಹೌದು. ಎಳೆಯದಿದ್ದಾಗ ನೀರಿನ ಮೇಲೆ ಉದ್ದುದ್ದ ಹುಲ್ಲಿನ ಹಾಗೆ ತೇಲುತ್ತದೆ. ತಿಳಿಯದವರು ಅದನ್ನೂ ಕಳೆ ಅಂದುಕೊಳ್ಳುತ್ತಾರೆ.

— ಸರಿ, ಸಮೀಕ್ಷೆ ಮಾಡಿದೆವು ಅಂದುಕೊಳ್ಳೋಣ. ಯುರೇಷಿಯನ್ ಗಿಡವೇ ಅಂತ ಖಚಿತವಾಯಿತು. ಆಗಲಾದರೂ ಔಷಧಿ ಹೊಡೆಸಬಹುದಲ್ಲ?

— ಪರ್ಮಿಟ್ ತೆಗೆದುಕೊಂಡು ಹೊಡೆಸಬಹುದು. ಹೊಡೆಸಲೇಬೇಕೇ ಅನ್ನುವುದು ಬೇರೆ ಪ್ರಶ್ನೆ. ಈ ರಾಜ್ಯದ ಲೇಕುಗಳ ಲೆಕ್ಕ ಹಾಕಿ 2020ರಲ್ಲಿ ಒಂದು ಅಧ್ಯಯನ ಬಂತು. ಇಡೀ ಲೇಕಿಗೆ ಔಷಧಿ ಹಾಕಿದ ಕಡೆ ಸ್ಥಳೀಯ ಗಿಡಗಳಿಗೆ ಆದ ನಷ್ಟ, ಮಿಲ್‌ಫಾಯ್ಲ್ ತಾನಾಗಿ ಮಾಡಿದ ನಷ್ಟಕ್ಕಿಂತ ಹೆಚ್ಚು ಅಂತ ಅದರಲ್ಲಿ ಕಂಡುಬಂತು. ಅದಕ್ಕೂ ಮುಂಚೆ 2013ರಲ್ಲಿ ಇನ್ನೊಂದು ಅಧ್ಯಯನ: ಹೊರಗಿಂದ ಬಂದ ಜೀವಿಗಳು ಹೆಚ್ಚಿನ ಕಡೆ ಕಡಿಮೆ ಸಂಖ್ಯೆಯಲ್ಲೇ ಇರುತ್ತವೆ, ಕೆಲವೇ ಕಡೆ ವಿಪರೀತವಾಗುತ್ತವೆ ಅಂತ. ನಿಮ್ಮದು ಯಾವ ಬಗೆಯ ಲೇಕ್ ಅಂತ ತಿಳಿಯದೆ ಔಷಧಿ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಲ್ಲಿ ಗುಂಪಾಗಿದ್ದರೆ ಮುಳುಗುಗಾರರನ್ನು ಇಳಿಸಿ ಬೇರುಸಹಿತ ಕೀಳಿಸಬಹುದು. ತುಂಡು ಉಳಿಯದ ಹಾಗೆ ಕೀಳಬೇಕು, ಅಷ್ಟೇ. ಬೆರಳುದ್ದದ ಚೂರು ಬೇರು ಬಿಟ್ಟರೂ ಹೊಸ ಗಿಡವಾಗುತ್ತದೆ.

— ಹುಳ ಬಿಟ್ಟು ತಿನ್ನಿಸುವುದೂ ಉಂಟಂತೆ.

— ಉಂಟು. ಮಿಲ್‌ಫಾಯ್ಲ್ ಸೊಂಡಿಲ ಕೀಟ ಅಂತ, ಇಲ್ಲಿಯದೇ ಪುಟ್ಟ ಹುಳ. ಕಾಂಡ ಕೊರೆದು ತಿನ್ನುತ್ತದೆ. ಕೆಲವು ಕಡೆ ಚೆನ್ನಾಗಿ ಕೆಲಸ ಮಾಡಿದೆ, ಕೆಲವು ಕಡೆ ಇಲ್ಲ. ಬೆಂಗಳೂರಿನಲ್ಲೂ ಇಂಥ ಕೆಲಸ ನಡೆದಿತ್ತು, ನಿನಗೆ ಗೊತ್ತಿರಲಿಕ್ಕಿಲ್ಲ. 1980ರ ದಶಕದಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವಾಟರ್ ಹಯಸಿಂತ್ ತಿನ್ನುವ ನಿಯೊಕೆಟಿನಾ ಕೀಟವನ್ನು ಅಲ್ಲಿಯ ಕೆರೆಗಳಿಗೆ ಬಿಟ್ಟರು. ಅದೂ ಸೊಂಡಿಲ ಕೀಟವೇ, ತವರು ದಕ್ಷಿಣ ಅಮೆರಿಕ. ಒಂದಷ್ಟು ಕೆರೆಗಳಲ್ಲಿ ಗಿಡ ನಿಜವಾಗಿಯೂ ಹಿಮ್ಮೆಟ್ಟಿತು. ಆದರೆ ಕೊಳಚೆ ನೀರು ಕೆರೆಗೆ ಹರಿಯುತ್ತಲೇ ಇದ್ದರೆ ಗಿಡಕ್ಕೆ ಗೊಬ್ಬರ ಹಾಕಿ ಸಾಕಿದ ಹಾಗಾಗುತ್ತದೆ. ಹುಳ ಎಷ್ಟು ಅಂತ ತಿನ್ನುತ್ತದೆ ಹೇಳು. ಇಲ್ಲಿಯೂ ಅಷ್ಟೇ, ಹೊಲದಿಂದ ಲಾನಿನಿಂದ ರಂಜಕ ಇಳಿದು ಬರುತ್ತಿರುವವರೆಗೂ ಕಳೆ ಒಂದನ್ನೇ ಹಿಡಿದು ಹೊಡೆದು ಪ್ರಯೋಜನವಿಲ್ಲ.

— ಅಕ್ಕ, ನೀವು ಹೇಳುವುದನ್ನೆಲ್ಲ ಕೇಳಿದರೆ ಅರ್ಜಿಯನ್ನೇ ಹಾಕಬಾರದು ಅನ್ನಿಸುತ್ತದೆ.

— ಹಾಕು, ಈ ವರ್ಷವೇ ಹಾಕು! ಕಳೆಯ ಅರ್ಜಿ ಯೋಜನೆ ಆದಮೇಲೆ. ಈಗ ಬೋಟ್ ಲ್ಯಾಂಡಿಂಗಿನ ಅರ್ಜಿ ಹಾಕು. ಕ್ಲೀನ್ ಬೋಟ್ಸ್ ಕ್ಲೀನ್ ವಾಟರ್ಸ್ ಅಂತ ಕಾರ್ಯಕ್ರಮವಿದೆಯಲ್ಲ, ಅದು. ಮಿಕ್ಕ ಗ್ರಾಂಟುಗಳಿಗೆ ಸೆಪ್ಟೆಂಬರಿನಲ್ಲಿ ಪೂರ್ವಾರ್ಜಿ ಕೊಟ್ಟು ನವೆಂಬರಿನಲ್ಲಿ ಪೂರ್ತಿ ಅರ್ಜಿ ಕೊಡಬೇಕು. ಇದಕ್ಕೆ ಪೂರ್ವಾರ್ಜಿ ಬೇಡ, ಫಾರ್ಮೂ ಚಿಕ್ಕದು. ಒಂದು ಲ್ಯಾಂಡಿಂಗಿಗೆ 4,000 ಡಾಲರ್‌ವರೆಗೆ ಕೊಡುತ್ತಾರೆ. ಅದಕ್ಕೆ ಪ್ರತಿಯಾಗಿ ಆ ಲ್ಯಾಂಡಿಂಗಿನಲ್ಲಿ ಒಂದು ಸೀಸನ್ನಿಗೆ ಕನಿಷ್ಠ 200 ಗಂಟೆ ಯಾರಾದರೂ ನಿಂತು ಬೋಟುಗಳನ್ನು ನೋಡಬೇಕು.

— ನಿಂತು ಏನು ಮಾಡುವುದು? ದಂಡ ಹಾಕುವ ಅಧಿಕಾರ ನಮಗಿದೆಯೇ?

— ಇಲ್ಲ. ಇಲ್ಲದಿರುವುದೇ ಒಳ್ಳೆಯದು. ದಂಡ ಹಾಕುವವರು ವಾರ್ಡನ್‌ಗಳು. ನೀನು ನಮಸ್ಕಾರ ಹೇಳಿ ಮಾತಾಡಿಸಬೇಕು. ಕಳೆದ ಐದು ದಿನದಲ್ಲಿ ಈ ಬೋಟ್ ಬೇರೆ ಯಾವ ನೀರಿನಲ್ಲಿ ಇಳಿದಿತ್ತು ಅಂತ ಕೇಳಬೇಕು. ಬೋಟಿನ ತಳ, ಟ್ರೇಲರಿನ ಅಚ್ಚು, ಲಂಗರಿನ ಹಗ್ಗ, ಪ್ರೊಪೆಲರ್ ಎಲ್ಲ ಸುತ್ತು ಹಾಕಿ ನೋಡಿ ಗಿಡದ ಚೂರಿದ್ದರೆ ಅವರ ಜೊತೆಗೇ ತೆಗೆಯಬೇಕು. ಮೀನು ಹಾಕುವ ಲೈವ್‌ವೆಲ್‌ನ ನೀರು ಚೆಲ್ಲಿಸಬೇಕು. ಇದು ಇಲ್ಲಿ ಕಾನೂನು. ಬೋಟಿಗಂಟಿದ ಗಿಡ, ಪ್ರಾಣಿ ತೆಗೆದು, ನೀರು ಬಸಿದು, ಹಿಡಿದ ಮೀನನ್ನು ಜೀವಂತ ಸಾಗಿಸದೆ ಹೋಗಬೇಕು. ಹೆಚ್ಚಿನವರು ಬೇಕೆಂದು ತಪ್ಪು ಮಾಡುವವರಲ್ಲ. ಬೆಳಗಿನ ಜಾವ ಎದ್ದು ಬಂದಿರುತ್ತಾರೆ, ಮೀನಿನ ಧ್ಯಾನದಲ್ಲಿರುತ್ತಾರೆ. ಒಬ್ಬರು ನಗುತ್ತಾ ನೆನಪಿಸಿದರೆ ಮುಂದಿನ ಸಲ ತಾವಾಗಿಯೇ ಮಾಡುತ್ತಾರೆ. ಸಂಜೆ ಕೂತು ಎಲ್ಲವನ್ನೂ ರಾಜ್ಯದ ದತ್ತಾಂಶ ಕೋಶಕ್ಕೆ ತುಂಬಬೇಕು. ಯಾವ ಲೇಕಿನಿಂದ ಯಾವ ಲೇಕಿಗೆ ಬೋಟುಗಳು ಓಡಾಡುತ್ತವೆ ಅನ್ನುವುದು ಇಂಥ ಲಕ್ಷಾಂತರ ಸಣ್ಣ ಉತ್ತರಗಳಿಂದಲೇ ತಿಳಿಯುವುದು.

— ಆದರೂ ನನಗೊಂದು ಅನುಮಾನ. ಜೀಬ್ರಾ ಮಸೆಲ್ ಅನ್ನುವ ಚಿಪ್ಪುಜೀವಿಯ ಮರಿ ಕಣ್ಣಿಗೇ ಕಾಣುವುದಿಲ್ಲ. ರಾತ್ರಿ ಬರುವ ಬೋಟಿಗೆ ಕಾವಲಿಲ್ಲ. 200 ಗಂಟೆ ಅಂದರೆ ಮೆಮೋರಿಯಲ್ ಡೇಯಿಂದ ಲೇಬರ್ ಡೇವರೆಗೆ ವಾರಾಂತ್ಯಕ್ಕೆ ಹದಿಮೂರು ಗಂಟೆ. ಉಳಿದ ಹೊತ್ತಿನಲ್ಲಿ ಒಂದೇ ಒಂದು ಬೋಟ್ ತಂದು ಬಿಟ್ಟರೂ ನಮ್ಮ ಶ್ರಮವೆಲ್ಲ ಹೋಯಿತಲ್ಲ?

— ಈ ಪ್ರಶ್ನೆಯನ್ನು ನಮ್ಮ ಸಂಘದಲ್ಲಿ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಕೇಳಬೇಕಾದದ್ದೇ. ಕಾಣದ ಮರಿ ಇರುವುದು ನೀರಿನಲ್ಲಿ. ನೀರು ಬಸಿದು ಒಣಗಿಸಿದರೆ ಅದೂ ಹೋಗುತ್ತದೆ. ಅದಕ್ಕೇ ಆ ಮಾತನ್ನು ಪ್ರತಿಯೊಬ್ಬರಿಗೂ ಹೇಳುವುದು. ಎಲ್ಲವನ್ನೂ ತಡೆಯುತ್ತೇವೆ ಅಂತ ನಾನು ಹೇಳಲಾರೆ. ಬರುವ ಸಾಧ್ಯತೆ ಕಡಿಮೆ ಮಾಡುತ್ತೇವೆ, ಬಂದರೂ ಹತ್ತು ವರ್ಷ ತಡವಾಗಿ ಬರುವ ಹಾಗೆ ಮಾಡುತ್ತೇವೆ. ಆ ಹತ್ತು ವರ್ಷಕ್ಕೆ ಎಷ್ಟು ಬೆಲೆ ಅಂತ ತಿಳಿಯಬೇಕಾದರೆ ಮೆಂಡೋಟಾ ಲೇಕನ್ನು ನೋಡಬೇಕು.

— ಮ್ಯಾಡಿಸನ್ನಿನ ಮೆಂಡೋಟಾ? ಯೂನಿವರ್ಸಿಟಿ ಪಕ್ಕದ್ದು?

— ಅದೇ. ಲೋಕದಲ್ಲಿ ಅಷ್ಟು ಅಧ್ಯಯನವಾದ ಲೇಕುಗಳು ಬಹಳ ಕಡಿಮೆ. ನೂರು ವರ್ಷಕ್ಕೂ ಮೇಲ್ಪಟ್ಟು ವಿಜ್ಞಾನಿಗಳು ಅದರ ದಡದಲ್ಲೇ ಕೂತಿದ್ದಾರೆ. ಅಲ್ಲಿಗೆ ಸ್ಪೈನಿ ವಾಟರ್ ಫ್ಲೀ ಅನ್ನುವ ಮುಳ್ಳುಬಾಲದ ಜೀವಿ ಬಂತು. ಬಾಲ ಸೇರಿದರೂ ಒಂದೂವರೆ ಸೆಂಟಿಮೀಟರ್ ದಾಟುವುದಿಲ್ಲ. ಯುರೋಪ್ ಕಡೆಯಿಂದ ಹಡಗಿನ ಬ್ಯಾಲಸ್ಟ್ ನೀರಿನಲ್ಲಿ 1980ರ ದಶಕದಲ್ಲಿ ಮಹಾಸರೋವರಗಳಿಗೆ ಬಂದು, ಅಲ್ಲಿಂದ ಬೋಟುಗಳ ಮೇಲೆ ಒಳನಾಡಿಗೆ ಇಳಿಯಿತು. ಮೆಂಡೋಟಾದಲ್ಲಿ ಅದು ಕಣ್ಣಿಗೆ ಬಿದ್ದದ್ದು 2009ರಲ್ಲಿ. ತಳದ ಕೆಸರನ್ನು ಆಮೇಲೆ ಪರೀಕ್ಷೆ ಮಾಡಿದಾಗ, ಅದಕ್ಕೂ ಹಲವು ವರ್ಷ ಮುಂಚಿನಿಂದಲೇ ಅಲ್ಲಿತ್ತು ಅಂತ ತಿಳಿಯಿತು. ಅಷ್ಟು ಕಣ್ಣುಗಳಿದ್ದ ಲೇಕಿನಲ್ಲೇ ಹೀಗೆ! ಅದು ತಿನ್ನುವುದು ಡಾಫ್ನಿಯಾವನ್ನು. ಡಾಫ್ನಿಯಾ ಪಾಚಿ ತಿಂದು ನೀರನ್ನು ತಿಳಿಯಾಗಿಡುವ ಪುಟ್ಟ ಜೀವಿ. ಡಾಫ್ನಿಯಾ ಕಡಿಮೆಯಾಯಿತು, ಪಾಚಿ ಹೆಚ್ಚಿತು, ನೀರಿನೊಳಗೆ ನೋಟ ಸಾಗುತ್ತಿದ್ದ ಆಳ ಹತ್ತಿರ ಹತ್ತಿರ ಒಂದು ಮೀಟರ್ ಕುಗ್ಗಿತು. ಆ ತಿಳಿಯನ್ನು ಮತ್ತೆ ಪಡೆಯಬೇಕಾದರೆ ಲೇಕಿಗೆ ಸೇರುವ ರಂಜಕವನ್ನು ಶೇಕಡಾ 71ರಷ್ಟು ತಗ್ಗಿಸಬೇಕು, ಅದಕ್ಕೆ 8.65 ಕೋಟಿಯಿಂದ 16.3 ಕೋಟಿ ಡಾಲರ್ ಬೇಕು ಅಂತ ಅಲ್ಲಿಯ ವಿಜ್ಞಾನಿಗಳು 2016ರಲ್ಲಿ ಲೆಕ್ಕ ಕೊಟ್ಟರು. ಒಂದು ಲೇಕ್, ಒಂದು ಜೀವಿ. ಈ ಲೆಕ್ಕದ ಪಕ್ಕದಲ್ಲಿ ನಿನ್ನ 4,000 ಡಾಲರ್ ಇಟ್ಟು ನೋಡು.

— ಅಂದರೆ ಬಂದಮೇಲೆ ದಾರಿಯೇ ಇಲ್ಲ.

— ಗಿಡಕ್ಕೆ ಸ್ವಲ್ಪ ಇದೆ, ಬೇಗ ಕಂಡರೆ. ಹೊಸದಾಗಿ ಬಂದ ಜೀವಿಗೆ ಕೂಡಲೇ ಕೈ ಹಾಕಲು ಪ್ರತ್ಯೇಕ ಗ್ರಾಂಟ್ ಇದೆ. 25,000 ಡಾಲರ್‌ವರೆಗೆ, ವರ್ಷದ ಯಾವ ದಿನ ಬೇಕಾದರೂ ಕೇಳಬಹುದು. ಆದರೆ ಬೇಗ ಕಾಣಬೇಕಾದರೆ ನೀರನ್ನು ನೋಡುವವರು ಇರಬೇಕಲ್ಲ. ಮಸೆಲ್ ಮತ್ತು ಈ ಮುಳ್ಳುಬಾಲದ ಜೀವಿ ಒಮ್ಮೆ ನೆಲೆಯಾದರೆ ನಮ್ಮಂಥವರ ಕೈಯಲ್ಲಿ ಹೋಗುವಂಥದ್ದಲ್ಲ.

— ಇನ್ನೊಂದು ಕೇಳಲೇ? ಕೋಪ ಮಾಡಿಕೊಳ್ಳಬೇಡಿ. ಲೇಕ್ ದಡದಲ್ಲಿ ಮನೆ ಇರುವವರು ಉಳ್ಳವರು. ಅವರ ಮನೆಮುಂದಿನ ನೀರಿಗೆ ರಾಜ್ಯದ ದುಡ್ಡು ಯಾಕೆ?

— ಕೋಪ ಯಾಕೆ? ಒಳ್ಳೆಯ ಪ್ರಶ್ನೆ. ಮನೆ ಅವರದ್ದು, ನೀರು ಅವರದ್ದಲ್ಲ. 1787ರ ವಾಯವ್ಯ ಪ್ರಾಂತ್ಯದ ಶಾಸನದಲ್ಲೇ ಈ ಮಾತಿತ್ತು. 1848ರಲ್ಲಿ ವಿಸ್ಕಾನ್ಸಿನ್ ರಾಜ್ಯವಾದಾಗ ಸಂವಿಧಾನದ ಒಂಬತ್ತನೇ ವಿಧಿಗೆ ಸೇರಿತು. ದೋಣಿ ಸಾಗುವ ನೀರೆಲ್ಲ ಎಲ್ಲರಿಗೂ ಸೇರಿದ ಹೆದ್ದಾರಿ, ಅದಕ್ಕೆ ಸುಂಕವಿಲ್ಲ. ರಾಜ್ಯ ಅದನ್ನು ಜನರ ಪರವಾಗಿ ಕಾಯುವ ಧರ್ಮದರ್ಶಿ ಮಾತ್ರ. ಅದಕ್ಕೇ ಸಾರ್ವಜನಿಕರು ಇಳಿಯಲು ದಾರಿಯಿಲ್ಲದ ಲೇಕಿಗೆ ಈ ದುಡ್ಡು ಸಿಗುವುದಿಲ್ಲ. ನಿಮ್ಮ ಸಂಘಕ್ಕೂ ನಿಯಮಗಳಿವೆ, ನೋಡಿಕೊ. ಕನಿಷ್ಠ 25 ಸದಸ್ಯರಿರಬೇಕು, ಲೇಕಿನಿಂದ ಒಂದು ಮೈಲಿಯೊಳಗೆ ವರ್ಷಕ್ಕೊಂದು ತಿಂಗಳಾದರೂ ವಾಸಿಸುವ ಯಾರು ಬಂದರೂ ಸದಸ್ಯತ್ವ ಕೊಡಬೇಕು. ದಡದ ಮನೆಯವರ ಖಾಸಗಿ ಕ್ಲಬ್ ಆಗಿದ್ದರೆ ನಡೆಯುವುದಿಲ್ಲ. ಮತ್ತೆ ದುಡ್ಡು ಬರುವುದು ಎಲ್ಲಿಂದ? ಮೋಟಾರ್ ಬೋಟಿಗೆ ಹಾಕುವ ಪೆಟ್ರೋಲಿನ ತೆರಿಗೆಯಿಂದ. ಮಿಲ್ವಾಕಿಯಿಂದ ಸಣ್ಣ ಬೋಟ್ ಎಳೆದುಕೊಂಡು ಬಂದು ಭಾನುವಾರ ಮೀನು ಹಿಡಿದು ಹೋಗುವ ಕಾರ್ಖಾನೆ ಕೆಲಸಗಾರನೂ ಆ ತೆರಿಗೆ ಕಟ್ಟಿರುತ್ತಾನೆ. ನಿನ್ನ ಲ್ಯಾಂಡಿಂಗ್ ಅವನದ್ದೂ ಹೌದು.

— ಹಾಗಾದರೆ ನಮ್ಮ ಕಡೆಯಿಂದ ಕಾಲು ಭಾಗ ಯಾಕೆ ಕೇಳುತ್ತಾರೆ? 4,000 ಬರಬೇಕಾದರೆ ಒಟ್ಟು ಖರ್ಚು 5,333 ಆಗಬೇಕು, ಉಳಿದ 1,333 ನಾವು ಹೊಂದಿಸಬೇಕು. ಸಂಘದ ಖಾತೆಯಲ್ಲಿ ಅಷ್ಟಿಲ್ಲ.

— ವಂತಿಗೆ ಕಣಪ್ಪ ಅದು. ನಮ್ಮಪ್ಪ ಊರಿನ ಕೆರೆ ಬಳಕೆದಾರರ ಸಂಘದಲ್ಲಿದ್ದರು. ವಿಶ್ವಬ್ಯಾಂಕಿನ ನೆರವಿನಲ್ಲಿ ಜಲ ಸಂವರ್ಧನೆ ಯೋಜನಾ ಸಂಘದವರು ಕೆರೆ ಕೆಲಸ ಮಾಡಿಸುವಾಗ ಊರಿನ ವಂತಿಗೆ ಕೇಳುತ್ತಿದ್ದರು. ದುಡ್ಡಿಲ್ಲದವರು ದುಡಿಮೆ ಕೊಡಬಹುದಿತ್ತು. ಇಲ್ಲಿಯೂ ಹಾಗೇ. ನಿಮ್ಮ ಸದಸ್ಯರು ಸಂಬಳವಿಲ್ಲದೆ ಲ್ಯಾಂಡಿಂಗಿನಲ್ಲಿ ನಿಂತ ಗಂಟೆಗೆ ಇಲಾಖೆ ಒಂದು ದರ ಕಟ್ಟಿ ನಿಮ್ಮ ಪಾಲಿಗೆ ಜಮಾ ಮಾಡಿಕೊಳ್ಳುತ್ತದೆ. ರಾಜ್ಯದ ದುಡ್ಡಿನಲ್ಲಿ ಬೇಸಿಗೆ ರಜೆಗೆ ಬರುವ ಕಾಲೇಜು ಹುಡುಗ ಹುಡುಗಿಯರನ್ನು ಸಂಬಳಕ್ಕೆ ಇಟ್ಟುಕೊಳ್ಳಿ. ಉಳಿದ ಗಂಟೆ ನೀವೇ ನಿಲ್ಲಿ. ಯಾರು, ಯಾವತ್ತು, ಎಷ್ಟು ಹೊತ್ತು ಅಂತ ಅವತ್ತವತ್ತೇ ಬರೆದು ಸಹಿ ಹಾಕಿಸಿ ಇಡು. ರಸೀದಿಗಳೂ ಅಷ್ಟೇ. ಕೊನೆಯ ಕಂತು ಬರುವುದು ವರದಿ ಕೊಟ್ಟಮೇಲೆ.

— ವಂತಿಗೆ ಅಂದಕೂಡಲೇ ನನಗೆ ಬೇರೆ ಯೋಚನೆ ಬರುತ್ತದೆ. ನಮ್ಮ ಸಂಘದಲ್ಲಿ ನಿವೃತ್ತ ಮೇಷ್ಟ್ರಿದ್ದಾರೆ, ಲೆಕ್ಕ ಬಲ್ಲವರಿದ್ದಾರೆ, ನಿಮ್ಮನ್ನು ಕೇಳಲು ನಾನಿದ್ದೇನೆ. ಹತ್ತಿರದಲ್ಲೇ ಒಂದು ಲೇಕಿದೆ, ಅದಕ್ಕೆ ಸಂಘವೇ ಇಲ್ಲ. ಅಲ್ಲಿಯೂ ಲ್ಯಾಂಡಿಂಗ್ ಇದೆ, ಅಲ್ಲಿಯ ಬೋಟುಗಳು ನಮ್ಮಲ್ಲಿಗೂ ಬರುತ್ತವೆ. ಅದಕ್ಕೆ ಯಾರು ಅರ್ಜಿ ಬರೆಯುತ್ತಾರೆ?

— ಇದು ಈ ವ್ಯವಸ್ಥೆಯ ನಿಜವಾದ ಕೊರತೆ. ಬರೆಯಲು ಬಲ್ಲವರಿರುವ ಕಡೆಗೆ ದುಡ್ಡು ಹೋಗುತ್ತದೆ, ಮಿಕ್ಕ ನೀರು ಹಾಗೇ ಉಳಿಯುತ್ತದೆ. ಅದನ್ನು ತುಂಬಲು ರಾಜ್ಯ ಕೌಂಟಿಗಳಿಗೆ ಪೈಪೋಟಿಯಿಲ್ಲದೆ ಒಂದು ಪಾಲು ಹಂಚುತ್ತದೆ. ಲೇಕ್ ಮಾನಿಟರಿಂಗ್ ಅಂಡ್ ಪ್ರೊಟೆಕ್ಷನ್ ನೆಟ್‌ವರ್ಕ್ ಅಂತ ಅದರ ಹೆಸರು. ಆ ದುಡ್ಡಿನಲ್ಲಿ ಎಷ್ಟೋ ಕೌಂಟಿಗಳು ಈ ಕೆಲಸಕ್ಕೆಂದೇ ಒಬ್ಬರನ್ನು ಇಟ್ಟುಕೊಂಡಿವೆ. ಒಬ್ಬರ ಮೇಲೆ ನೂರಾರು ಲೇಕುಗಳ ಭಾರ, ಸಾಲುವುದಿಲ್ಲ. ನನ್ನನ್ನು ಕೇಳಿದರೆ ನಿಮ್ಮ ಅರ್ಜಿಯಲ್ಲೇ ಆ ಲ್ಯಾಂಡಿಂಗನ್ನೂ ಸೇರಿಸಿಕೊಳ್ಳಬಹುದೇ ಅಂತ ಜೀವವಿಜ್ಞಾನಿಯನ್ನು ವಿಚಾರಿಸು. ನಿಮ್ಮ ಟೌನಿನ ಆಡಳಿತವೂ ಅರ್ಜಿ ಹಾಕಬಹುದು. ಬುಡಕಟ್ಟು ಸರ್ಕಾರಗಳೂ ಹಾಕುತ್ತವೆ. ಪಕ್ಕದ ಲೇಕು ಕೆಟ್ಟರೆ ನಿಮ್ಮದಕ್ಕೆ ಉಳಿಗಾಲವಿಲ್ಲ ಅನ್ನುವುದನ್ನು ನಿನ್ನ ಬೋಟುಗಳ ಲೆಕ್ಕವೇ ತೋರಿಸುತ್ತದೆ, ಅದನ್ನೇ ಕಾರಣವಾಗಿ ಬರೆ.

— ಬರೆಯುವುದು ಹೇಗೆ ಅಂತ ಈಗಲಾದರೂ ಹೇಳಿ. ನೋಡಿದ ಮಾದರಿಗಳಲ್ಲೆಲ್ಲ ಲೇಕಿನ ಸೌಂದರ್ಯದ ವರ್ಣನೆಯೇ ಇತ್ತು.

— ಸೌಂದರ್ಯ ಬೇಡ, ಓದುವವರಿಗೂ ಲೇಕ್ ಗೊತ್ತು. ಲ್ಯಾಂಡಿಂಗ್ ಎಲ್ಲಿದೆ, ಅಲ್ಲಿ ಎಷ್ಟು ಟ್ರೇಲರ್ ನಿಲ್ಲಬಹುದು, ಯಾವ ದಿನ ಹೆಚ್ಚು ಬೋಟ್ ಬರುತ್ತವೆ, ಸುತ್ತಲಿನ ಯಾವ ಲೇಕಿನಲ್ಲಿ ಯಾವ ಜೀವಿ ಈಗಾಗಲೇ ಇದೆ, ನಿಮ್ಮಲ್ಲಿ ಏನಿಲ್ಲ. ಯಾರಿಗೆ ತರಬೇತಿಯಾಗಿದೆ, ಯಾರಿಗೆ ಆಗಬೇಕು. ಜುಲೈ 4ರ ವಾರಕ್ಕೆ ಯಾರ್‍ಯಾರು ನಿಲ್ಲುತ್ತಾರೆ. ಅರ್ಜಿ ಹಾಕಲು ನಿಮ್ಮ ಮಂಡಳಿ ನಿನಗೆ ಅಧಿಕಾರ ಕೊಟ್ಟ ಠರಾವೂ ಜೊತೆಗಿರಬೇಕು, ಅದನ್ನು ಮರೆತು ಪರದಾಡುವವರು ಬಹಳ. ಮೀಟಿಂಗಿನಲ್ಲಿ ಇನ್ನೊಂದು ಮಾತು ಹೇಳು: ಮನೆ ಹಿಂದಿನ ಕೊಳಕ್ಕೆ, ಅಕ್ವೇರಿಯಮ್ಮಿಗೆ ಗಿಡ ತರಿಸುವವರು ರಾಜ್ಯದ ನಿಷೇಧಿತ ಪಟ್ಟಿ ನೋಡಿಯೇ ತರಿಸಲಿ. 2009ರಿಂದ ಅದು ಕಾನೂನು. ನಮ್ಮ ಕನ್ನಡದವರಿಗೂ ಹೇಳು, ಸಾಕಿ ಬೇಜಾರಾದ ಮೀನನ್ನು ಪುಣ್ಯ ಬರುತ್ತದೆ ಅಂತ ಲೇಕಿಗೆ ಬಿಡುವವರಿದ್ದಾರೆ.

— ಕಳೆಗೆ ಔಷಧಿ ಬೇಕು ಅಂತ ಕೂತಿರುವವರಿಗೆ ಏನು ಹೇಳಲಿ?

— ಬಯ್ಯಬೇಡ. ಅವರ ಮಕ್ಕಳು ಈಜಲಾರದೆ ಇರುವುದು ನಿಜ. ಬೋಟ್ ತೆಗೆಸಿ ಕುಂಟೆ ಹಿಡಿಸು. ತಾವೇ ಎತ್ತಿ, ಎಲೆ ಬಿಡಿಸಿ ಎಣಿಸಲಿ. ಮುಂದಿನ ವರ್ಷದ ಯೋಜನೆಯ ಅರ್ಜಿಗೆ ಅವರೇ ನಿನ್ನ ಪಕ್ಕ ಕೂರುತ್ತಾರೆ.

— ಮೇ ತಿಂಗಳ ಮೊದಲ ಶನಿವಾರ ಮೀನುಗಾರಿಕೆ ಸೀಸನ್ ತೆರೆಯುತ್ತದೆ. ಅವತ್ತಿನಿಂದಲೇ ನಿಲ್ಲಬೇಕೇ?

— ಅವತ್ತೇ ಜನ ಜಾಸ್ತಿ. ಬೆಳಗಿನ ಐದಕ್ಕೆ ಬೋಟುಗಳು ಸಾಲು ಹಿಡಿದಿರುತ್ತವೆ, ಚಳಿ ಬೇರೆ.

— ಅವತ್ತಿನ ಐದರಿಂದ ಒಂಬತ್ತರವರೆಗೆ ನನ್ನ ಹೆಸರು ಬರೆಯುತ್ತೇನೆ. ನಿಮ್ಮ ಕೈಯಲ್ಲಿ ಹಳೆಯ ಡ್ಯೂಟಿ ಪಟ್ಟಿ ಇದ್ದರೆ ಕಳಿಸಿ, ಹಾಗೇ ಮಾದರಿ ಠರಾವೂ.

— ಎರಡೂ ಇವತ್ತು ರಾತ್ರಿಯೇ ಕಳಿಸುತ್ತೇನೆ. ಜೀವವಿಜ್ಞಾನಿಗೆ ನಾಳೆ ಬೆಳಗ್ಗೆ ಫೋನ್ ಮಾಡು, ಮಧ್ಯಾಹ್ನದ ಮೇಲೆ ಅವರು ನೀರಿನಲ್ಲಿರುತ್ತಾರೆ.